ಕರಿ ಎರಡು, ಬಿಳಿ ಎರಡು

ನಮ್ಮ ಅಪ್ಪನ ಬಾಯಲ್ಲಿ ನನ್ನ ಗಿಟಾರಿಗೆ ಡಬ್ಬಿ ಎಂದೇ ಹೆಸರು. ನಾನು ಮದುವೆಯಾಗಿ ಜಹೀರಾಬಾದಿನಲ್ಲಿ ಮನೆ ಮಾಡಿದ ಮೇಲೂ ನಮ್ಮೂರು ನಾರಾಯಣಖೇಡದಿಂದ ಫೋನು ಮಾಡಿದರೆ ಮೊದಲು ಸೊಸೆಯ ಆರೋಗ್ಯ, ಆಮೇಲೆ ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ, ಕೊನೆಗೆ ಆ ಡಬ್ಬಿ ಇನ್ನೂ ಇದೆಯೋ ಒಡೆದಿದೆಯೋ ಎಂದು ವಿಚಾರಿಸುವರು. ಇದೆ ಎಂದರೆ ಒಂದು ದೊಡ್ಡ ನಿಟ್ಟುಸಿರು. ಆ ನಿಟ್ಟುಸಿರೂ ಶ್ರುತಿ ಬಿಟ್ಟು ಹೋಗುತ್ತಿರಲಿಲ್ಲ, ಆ ಮಾತು ಬೇರೆ.

ಶ್ರುತಿ ಎಂದರೆ ಅಪ್ಪನ ಮಟ್ಟಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ. ಕರಿ ಎರಡು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಪೇಟಿಯ ಮೇಲೆ ಬೆರಳಿಡುವ ಬಿಳಿ ಮನೆಗಳಿಗೆ ಒಂದು ಎಣಿಕೆ, ಕರಿ ಮನೆಗಳಿಗೆ ಇನ್ನೊಂದು. ಬಿಳಿ ಎರಡರ ಮಗ್ಗುಲಲ್ಲೇ, ಅರ್ಧ ಸ್ವರದಷ್ಟು ಮೇಲೆ, ಕರಿ ಎರಡು ಕೂತಿರುತ್ತದೆ. ನಡುವೆ ಬೆರಳು ಸರಿಸುವಷ್ಟೂ ದೂರವಿಲ್ಲ. ಭಜನೆಯವರು ತಮ್ಮ ಹೆಸರು ಹೇಳುವುದಕ್ಕಿಂತ ಮೊದಲು ತಮ್ಮ ಮನೆ ಹೇಳುತ್ತಾರೆ: ನಂದು ಕರಿ ಒಂದು, ನಂದು ಬಿಳಿ ನಾಲ್ಕು ಎಂದು. ಅಪ್ಪ ಇಪ್ಪತ್ತನೆಯ ವಯಸ್ಸಿನಲ್ಲಿ ಕರಿ ಎರಡಕ್ಕೆ ಹಾಡಲು ಶುರು ಮಾಡಿದವರು ಅರವತ್ತು ದಾಟಿದರೂ ಆ ಮನೆ ಖಾಲಿ ಮಾಡಿರಲಿಲ್ಲ.

ಅಪ್ಪನ ಕೆಲಸವೂ ದನಿಯದೇ. ನಾರಾಯಣಖೇಡದ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ಕಾಳು ತೂಗಿದರು. ತೂಗುವವನು ಒಂದೊಂದು ತೂಕಕ್ಕೂ ಎಣಿಕೆ ಕೂಗಬೇಕು. ಮೊದಲನೆಯದಕ್ಕೆ ಒಂದು ಎನ್ನುವಂತಿಲ್ಲ, ಲಾಭ ಎನ್ನಬೇಕು. ಆಮೇಲೆ ಎರಡು, ಮೂರು. ಅಪ್ಪ ಲಾಭವನ್ನು ಎಳೆದು ಕೂಗಿದರೆ ತೊಗರಿ ಮಾರಲು ಬಂದವರು ಚೀಲದ ಕಡೆ ನೋಡುವುದು ಬಿಟ್ಟು ಇವರ ಬಾಯಿ ನೋಡುತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಅಪ್ಪನೇ, ಬೇರೆ ಸಾಕ್ಷಿ ಇಲ್ಲ. ಆದರೆ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಅವರ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ ಎನ್ನುವುದಕ್ಕೆ ಇಡೀ ಯಾರ್ಡೇ ಸಾಕ್ಷಿ.

ಇಂಥವರ ಮಗನಾಗಿ ನಾನು ಬೀದರಿನಲ್ಲಿ ಕಾಲೇಜು ಓದುತ್ತ ಗಿಟಾರು ಕಲಿತೆ. ಆಮೇಲೆ ಜಹೀರಾಬಾದಿನ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳಿಗೆ ಹಾಡು ಕೂಡಿಸುವ ಕೆಲಸ ಹಿಡಿದೆ. ಮದುಮಗಳು ಅಳುವಲ್ಲಿ ಕೊಳಲು, ಊಟದ ಪಂಕ್ತಿ ಬಂದಾಗ ಢೋಲಕ್. ಹೊಟ್ಟೆಪಾಡಿಗೆ ಅದು ಸರಿ. ಗಿಟಾರಿನ ಗತಿ ಏನು? ಆ ಊರಿನಲ್ಲಿ ನನ್ನ ಜೊತೆ ಕೂತು ಬಾರಿಸುವ ಒಂದು ನರಪಿಳ್ಳೆಯೂ ಇರಲಿಲ್ಲ. ಮದುವೆಯ ಬ್ಯಾಂಡಿನವರು ಇದ್ದರು. ಅವರು ಊದಲು ನಿಂತರೆ ನನ್ನ ಗಿಟಾರು ನನಗೇ ಕೇಳುತ್ತಿರಲಿಲ್ಲ.

ಅದಕ್ಕೇ ನಾನು ಟ್ರ್ಯಾಕು ಮಾಡಲು ಕಲಿತೆ. ತಬಲಾ, ಕಂಚಿನ ತಾಳ, ಮಂದ್ರದ ತಂತಿ, ಹಿಂದಿನ ಶ್ರುತಿ, ಇಷ್ಟನ್ನೂ ಬೇರೆ ಬೇರೆ ರೆಕಾರ್ಡು ಮಾಡಿ ಕಂಪ್ಯೂಟರಿನಲ್ಲಿ ಒಂದರ ಕೆಳಗೆ ಒಂದು ಜೋಡಿಸುವುದು. ಮೇಲೆ ಹಾಡುವವರ ಜಾಗ ಬಿಟ್ಟಿರುವುದು. ಅದನ್ನು ಹಚ್ಚಿ ಅದರ ಜೊತೆ ನಾನು ಗಿಟಾರು ಬಾರಿಸುವುದು. ತಬಲಾದ ಎಡಗೈ ನಮ್ಮ ಮನೆಯ ನೀರಿನ ಪ್ಲಾಸ್ಟಿಕ್ ಕೊಡ, ಬಲಗೈ ಅವಲಕ್ಕಿಯ ಡಬ್ಬ. ಅವಲಕ್ಕಿ ಕಡಿಮೆಯಾದಂತೆ ಶ್ರುತಿ ಏರುತ್ತಿತ್ತು, ಆದ್ದರಿಂದ ರೆಕಾರ್ಡಿಂಗ್ ಮುಗಿಯುವ ತನಕ ಮನೆಯಲ್ಲಿ ಅವಲಕ್ಕಿ ಬಂದ್. ಇದನ್ನು ನನ್ನ ಹೆಂಡತಿ ಸಹಿಸಿಕೊಂಡಳು. ಆದರೆ ಸುಮ್ಮನೆ ಸಹಿಸಿಕೊಳ್ಳುವ ಜಾತಿಯವಳಲ್ಲ. ಜೊತೆಗೆ ಬಾರಿಸುವವರು ಯಾರೂ ಸಿಗಲಿಲ್ಲವೆಂದು ನಾನು ಕಂಪ್ಯೂಟರಿನೊಳಗೆ ಮಂದಿಯನ್ನು ಕೂಡಿಹಾಕಿದ್ದೇನೆ ಎಂದು ಬಂದವರ ಮುಂದೆಲ್ಲ ಹೇಳುವಳು. ನನ್ನ ಟ್ರ್ಯಾಕುಗಳಿಗೆ ಖಾಲಿ ಹಾಡು ಎಂದು ಹೆಸರಿಟ್ಟವಳೂ ಅವಳೇ. ಹೆಸರು ಓಣಿಯಲ್ಲೆಲ್ಲ ಹಬ್ಬಿತು. ಒಮ್ಮೆ ಮಗ್ಗುಲ ಮನೆಯವರಿಗೆ ಹೆಮ್ಮೆಯಿಂದ ಒಂದು ಸಿಡಿ ಕೊಟ್ಟೆ. ಮರುದಿನವೇ ವಾಪಸು ತಂದುಕೊಟ್ಟರು, ಸಿಡಿ ಖರಾಬಾಗಿದೆ, ಹಾಡುವವನ ದನಿಯೇ ಬರುತ್ತಿಲ್ಲ ಎಂದು.

ಕನ್ನಡ ಮಾತಾಡುವ ನಮ್ಮ ಗಡಿಯ ಊರುಗಳಿಗೂ ಅವು ತೆಲಂಗಾಣದ ಚಳವಳಿಯ ವರ್ಷಗಳು. ಇಂದು ಬಂದ್, ನಾಳೆ ರಸ್ತೆ ತಡೆ. ಸ್ಟುಡಿಯೋ ಇದ್ದದ್ದು ಹೆದ್ದಾರಿಯ ಬದಿಗೆ. ಉಳಿದ ದಿನ ಹೈದರಾಬಾದಿಗೂ ಮುಂಬಯಿಗೂ ಹೋಗುವ ಲಾರಿಗಳ ಹಾರ್ನು ನನ್ನ ಪ್ರತಿಯೊಂದು ರೆಕಾರ್ಡಿಂಗಿನಲ್ಲಿ ಪಾಲು ಕೇಳುತ್ತಿತ್ತು. ಬಂದ್ ಆದ ದಿನ ಒಂದು ಗಾಡಿ ಇಲ್ಲ, ಒಂದು ಹಾರ್ನಿಲ್ಲ. ಜನ ಪ್ರತ್ಯೇಕ ರಾಜ್ಯ ಬೇಕೆಂದು ರಸ್ತೆಯ ಮೇಲೆ ಅಡುಗೆ ಮಾಡಿ ಉಣ್ಣುತ್ತಿದ್ದರೆ ನಾನು ಒಳಗೆ ಬಾಗಿಲು ಹಾಕಿಕೊಂಡು ತಾಳ ತಟ್ಟುತ್ತಿದ್ದೆ. ನನ್ನಷ್ಟು ಸ್ವಾರ್ಥದಿಂದ ಬಂದ್‌ಗೆ ಬೆಂಬಲ ಕೊಟ್ಟವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಒಂದು ಸಲ ಮಾತ್ರ ಶಿಕ್ಷೆಯಾಯಿತು. ತಾಳ ರೆಕಾರ್ಡು ಮಾಡುವಾಗ ಹೊರಗೆ ಮೆರವಣಿಗೆ ಹಾದುಹೋಯಿತು. ಆಮೇಲೆ ಕೇಳಿದರೆ ಒಂದು ಕಡೆ ತಾಳ ನಿಂತ ಸಂದಿಯಲ್ಲಿ ದೂರದಿಂದ ಸ್ಪಷ್ಟವಾಗಿ "ಜೈ ತೆಲಂಗಾಣ". ಕತ್ತರಿಸಲು ನೋಡಿದೆ, ತಾಳದ ಗುಂಗು ಅದರ ಮೇಲೆ ಹಾಸಿತ್ತು, ಆಗಲಿಲ್ಲ. ತಾಳ ಬಹಳ ಚೆನ್ನಾಗಿ ಬಂದಿತ್ತು, ಬಿಸಾಡಲು ಮನಸ್ಸಾಗಲಿಲ್ಲ.

ಈಗ ನಮ್ಮ ಮಾವನವರನ್ನು ಕರೆತರಬೇಕು. ನನ್ನ ಹೆಂಡತಿಯ ತಂದೆ, ತಾಂಡೂರಿನವರು, ನೆಲಕ್ಕೆ ಹಾಸುವ ಕಲ್ಲಿನ ವ್ಯಾಪಾರ. ಪೇಟಿ ಬಾರಿಸುವುದರಲ್ಲಿ ನಮ್ಮ ಮೂರು ತಾಲೂಕಿನಲ್ಲಿ ಹೆಸರು. ಅದಕ್ಕೂ ಹದಿನೈದು ವರ್ಷ ಮೊದಲು ಒಂದು ಮಠದ ಭಜನೆಯಲ್ಲಿ ಅಪ್ಪನ ದನಿಗೆ ಅವರ ಪೇಟಿ ಸಿಕ್ಕಿತು. ಆಮೇಲೆ ಎಲ್ಲಿ ಭಜನೆಯಾದರೂ ಇಬ್ಬರೂ ಜೋಡಿ. ಮಕ್ಕಳು ದೊಡ್ಡವರಾದಾಗ ಜಾತಕ ನೋಡಲಿಲ್ಲ. ಇಷ್ಟು ವರ್ಷ ಒಂದೇ ಶ್ರುತಿಯಲ್ಲಿ ನಡೆದಿದೆ, ಇನ್ನು ಜಾತಕ ಯಾಕೆ ಎಂದು ಇಬ್ಬರೂ ಹೂಂ ಅಂದುಬಿಟ್ಟರು. ಹುಡುಗ ಡಬ್ಬಿ ಬಾರಿಸುತ್ತಾನೆ ಎಂದು ಅಪ್ಪ ಸಂಕೋಚದಿಂದ ಹೇಳಿದಾಗ ಮಾವನವರು, ಕುಡಿಯುವುದಿಲ್ಲವಲ್ಲ, ಸಾಕು ಎಂದರಂತೆ.

ಚಳವಳಿ ಜೋರಾಗಿದ್ದ ಒಂದು ವರ್ಷದ ಶ್ರಾವಣದಲ್ಲಿ ಈ ಜೋಡಿ ಮುರಿಯಿತು. ನಾರಾಯಣಖೇಡದ ಗುಡಿಯಲ್ಲಿ ಸೋಮವಾರದ ಭಜನೆ. ಅಪ್ಪನ ಹೆಸರಿನ ಜೊತೆ ಅಂಟಿಕೊಂಡ ಒಂದು ತತ್ವಪದವಿದೆ. ಅದರ ಮೂರನೆಯ ನುಡಿಯಲ್ಲಿ ದನಿ ಮೇಲಿನ ಷಡ್ಜವನ್ನು ದಾಟಿ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅಂದು ಹೋಯಿತು, ನಿಲ್ಲಲಿಲ್ಲ, ಒಡೆಯಿತು. ಅಪ್ಪ ಕೆಮ್ಮಿ ಮುಚ್ಚಿಕೊಂಡರು. ಮುಂದಿನ ಹಾಡಿಗೆ ಮಾವನವರು ಏನೂ ಹೇಳದೆ ಕೇಳದೆ ಬಿಳಿ ಎರಡಕ್ಕೆ ಹಿಡಿದರು. ಅವರು ಮಾಡಿದ್ದು ಪ್ರೀತಿಯಿಂದಲೇ. ಆದರೆ ಅಪ್ಪನ ಕಿವಿ ತಕ್ಕಡಿಯ ಕಿವಿ. ಹಾಡು ನಿಲ್ಲಿಸಿ ಎಲ್ಲರ ಎದುರಿಗೆ ಕೇಳಿದರು.

"ಬೀಗರ, ನಿಮ್ಮ ಪೇಟಿ ಇಳದದೋ, ನನ್ನ ದನಿ ಇಳದದೋ?"

ಮಾವನವರಿಗೆ ಕಲ್ಲಿನ ವ್ಯಾಪಾರದ ನಾಲಿಗೆ. ಸೀಳು ಬಿಟ್ಟ ಕಲ್ಲಿಗೆ ಸೀಳು ಬಿಟ್ಟಿದೆ ಎಂದೇ ಹೇಳುವವರು.

"ಪೇಟಿ ಹ್ಯಾಂಗಿತ್ತೋ ಹಂಗೇ ಅದ ನೋಡ್ರಿ," ಎಂದರು.

ಕೂತವರು ನಕ್ಕರು. ಕೆಟ್ಟ ನಗೆಯಲ್ಲ, ಬೀಗರ ಚೇಷ್ಟೆ ಎಂದುಕೊಂಡು ನಕ್ಕದ್ದು. ಅಪ್ಪ ಶಲ್ಯ ಕೊಡವಿಕೊಂಡು ಎದ್ದು ಮನೆಗೆ ಹೋದರು. ಮಾವನವರು ಪೇಟಿ ಮುಚ್ಚಿ ತಾಂಡೂರಿಗೆ ಹೋದರು. ಅಲ್ಲಿಂದ ಎರಡು ತಿಂಗಳು ಮಾತಿಲ್ಲ ಕಥೆಯಿಲ್ಲ. ಅಪ್ಪ ಸೊಸೆಗೆ ಫೋನು ಮಾಡಿದರೂ ಅವಳ ಅಪ್ಪ ಹೇಗಿದ್ದಾರೆ ಎಂದು ಕೇಳುತ್ತಿರಲಿಲ್ಲ, ತಾಂಡೂರಿನಲ್ಲಿ ಮಳೆ ಹೇಗಿದೆ ಎಂದು ಕೇಳುತ್ತಿದ್ದರು. ಅತ್ತ ಮಾವನವರು ಮಗಳಿಗೆ ನಾರಾಯಣಖೇಡದ ತೊಗರಿ ಹೇಗಿದೆ ಎಂದು ಕೇಳುತ್ತಿದ್ದರು. ನಡುವೆ ಸಿಕ್ಕಿಕೊಂಡ ನನ್ನ ಹೆಂಡತಿ ಇಬ್ಬರಿಗೂ ಹವಾಮಾನ ಹೇಳಿ ಹೇಳಿ ಬೇಸತ್ತಳು.

ಅಷ್ಟರಲ್ಲಿ ದೊಡ್ಡ ಮುಷ್ಕರ ಶುರುವಾಯಿತು. ಬಸ್ಸು ನಿಂತಿತು, ಶಾಲೆ, ಕಚೇರಿ ಎಲ್ಲಾ ಮುಚ್ಚಿದವು. ಕರೆಂಟಂತೂ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ನಾರಾಯಣಖೇಡದಲ್ಲಿಯೂ ಎಲ್ಲ ಊರುಗಳ ಹಾಗೆ ರಿಲೇ ಉಪವಾಸದ ಟೆಂಟು ಎದ್ದಿತು. ದಿನಕ್ಕೊಂದು ಗುಂಪು ಹಾರ ಹಾಕಿಸಿಕೊಂಡು ಬೆಳಿಗ್ಗೆ ಹತ್ತಕ್ಕೆ ಕೂರುವುದು, ಸಂಜೆ ಐದಕ್ಕೆ ನಿಂಬೆಹಣ್ಣಿನ ಶರಬತ್ತು ಕುಡಿದು ಏಳುವುದು. ಇಂದು ಮೇಷ್ಟ್ರುಗಳು, ನಾಳೆ ಕ್ಷೌರದವರು, ನಾಡಿದ್ದು ವಕೀಲರು. ಭಜನೆಯವರಿಗೂ ಒಂದು ದಿನ ಕೊಟ್ಟರು. ತೆಲಂಗಾಣ ಬೇಕೆಂದು ಕನ್ನಡದಲ್ಲಿ ಹಾಡಿದರೆ ಯಾರಿಗೆ ತಿಳಿದೀತು ಎಂದು ಅಪ್ಪ ಕೇಳಿದರಂತೆ. ಟೆಂಟಿನವರು ತೆಲುಗಿನಲ್ಲಿ, ಶಿವನಿಗೆ ತಿಳಿದರೆ ಸಾಕು ತಾತಾ, ದಿಲ್ಲಿಗೆ ಅವನೇ ಹೇಳುತ್ತಾನೆ ಎಂದರಂತೆ. ಅಪ್ಪ ಒಪ್ಪಿಬಿಟ್ಟರು. ಒಪ್ಪಿದ ಮೇಲೆ ನೆನಪಾಯಿತು, ಪೇಟಿ ಇಲ್ಲ. ತಬಲಾದವರು ನಾಗಲಗಿದ್ದ ಎಂಬ ಊರಿನವರು, ಬರಲು ಬಸ್ಸಿಲ್ಲ.

ಆಗ ನಮ್ಮಪ್ಪ, ಯಾರ ಮುಂದೆಯೂ ಕೈ ಚಾಚದ ಮನುಷ್ಯ, ಒಂದು ಜೀಪಿನ ಹಿಂದೆ ಜೋತುಬಿದ್ದು ಜಹೀರಾಬಾದಿಗೆ ಬಂದರು. ಬಂದವರೇ ಕೈಕಾಲು ತೊಳೆದು, ಚಹಾ ಕುಡಿದು, ಗೋಡೆಗೆ ಒರಗಿಸಿದ್ದ ಗಿಟಾರನ್ನು ಹೊಸದಾಗಿ ನೋಡುವವರ ಹಾಗೆ ನೋಡಿ, ನಿನ್ನ ಹತ್ತಿರ ಅದೇನೋ ಖಾಲಿ ಹಾಡು ಇರುತ್ತದಂತಲ್ಲ, ಅದರಲ್ಲಿ ನಮ್ಮಂಥವರ ಹಾಡು ಕೂರುತ್ತದೆಯೇ ಎಂದು ಕೇಳಿದರು. ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋದಳು. ನನಗೆ ನಗು ಬರಲಿಲ್ಲ. ಯಾಕೆಂದರೆ ಅಪ್ಪ ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು.

"ಅವತ್ತು ನಕ್ಕ ಮಂದಿನೇ ಅಲ್ಲಿ ಮುಂದ ಕೂಡ್ತಾರ. ಇನ್ನೊಂದ್ ಸಲ ದನಿ ಒಡೀತಂದ್ರ ನಾ ಮತ್ತ ಬಾಯಿ ತೆಗಿಯಂಗಿಲ್ಲ. ಅವತ್ತಿಗೇ ಮುಗೀತು."

ಅಪ್ಪ ಆಡಿದಂತೆ ನಡೆಯುವವರು. ಹಾಡದ ಅಪ್ಪ ಹೇಗಿರುತ್ತಾರೆ ಎಂದು ನನಗೆ ಊಹಿಸಲೂ ಆಗಲಿಲ್ಲ. ಹೆದರಿಕೆಯಾಯಿತು.

ಎರಡು ದಿನ ಕರೆಂಟು ಇದ್ದಷ್ಟು ಹೊತ್ತು ಕೂತು ಟ್ರ್ಯಾಕು ಮಾಡಿದೆ. ಭಜನೆಗೆ ತಬಲಾದ ಠೇಕಾ, ಮಂದ್ರ, ಶ್ರುತಿ. ತಾಳ ಹೊಸದಾಗಿ ತಟ್ಟಲು ಸಮಯವಿರಲಿಲ್ಲ, ಹಳೆಯದನ್ನೇ, ಆ ಮೆರವಣಿಗೆಯ ತಾಳವನ್ನೇ ಹಾಕಿದೆ. ಕರಿ ಎರಡಕ್ಕೆ ಜೋಡಿಸಿದೆ. ಗಿಟಾರಿಗೆ ಒಂದು ಕ್ಲಿಪ್ಪು ಇರುತ್ತದೆ, ಕೇಪೋ ಎನ್ನುತ್ತಾರೆ. ಗಿಟಾರಿನ ಕುತ್ತಿಗೆಯ ಮೇಲೆ ಯಾವ ಮನೆಗೆ ಅದನ್ನು ಕಚ್ಚಿಸುತ್ತೇವೋ ಶ್ರುತಿ ಅಷ್ಟು ಏರುತ್ತದೆ. ಕರಿ ಎರಡಕ್ಕೆ ನಾನು ಅದನ್ನು ಮೂರನೆಯ ಮನೆಯಲ್ಲಿ ಕಚ್ಚಿಸುತ್ತಿದ್ದೆ. ಅಪ್ಪ ಅದನ್ನು ಎತ್ತಿ ತಿರುಗಿಸಿ ನೋಡಿ, ಒಲೆಯ ಹತ್ತಿರ ಇರಬೇಕಾದ ಚಿಮಟಾ ಇಲ್ಲಿ ಯಾಕೆ ಬಂತು ಎಂದರು.

ಸ್ಟುಡಿಯೋದಲ್ಲಿ ಅಪ್ಪನ ತಲೆಗೆ ಹೆಡ್‌ಫೋನು ಹಾಕಿದೆ. ಟ್ರ್ಯಾಕು ಶುರುವಾಯಿತು. ಅಪ್ಪ ಸುಮ್ಮನೆ ಕೂತರು. ಯಾಕೆ ಹಾಡಲಿಲ್ಲ ಎಂದರೆ, ಪೇಟಿಯವರು ಇನ್ನೂ ನನ್ನ ಮುಖ ನೋಡಿಲ್ಲವಲ್ಲ ಎಂದರು. ಮಾವನವರು ಹಾಡು ಎತ್ತುವ ಮೊದಲು ಹುಬ್ಬು ಹಾರಿಸುತ್ತಿದ್ದರು, ಅದನ್ನು ನೋಡಿಯೇ ಅಪ್ಪ ಬಾಯಿ ತೆರೆಯುತ್ತಿದ್ದದ್ದು. ಕಂಪ್ಯೂಟರಿಗೆ ಹುಬ್ಬಿಲ್ಲ. ಕೊನೆಗೆ ನಾನೇ ಎದುರು ಕೂತು ಗಿಟಾರು ಬಾರಿಸುತ್ತ ಹುಬ್ಬು ಹಾರಿಸಿದೆ. ಹಾಡು ಎದ್ದಿತು. ಮೊದಲ ನುಡಿ ಚಂದ, ಎರಡನೆಯದು ಇನ್ನೂ ಚಂದ. ಮೂರನೆಯದಕ್ಕೆ ದನಿ ಮೇಲೆ ಹೋಯಿತು, ಒಡೆಯಿತು.

ಜೀಪಿನ ಧೂಳು ಎಂದರು. ಬಿಸಿನೀರು ಕೊಟ್ಟು ಇನ್ನೊಮ್ಮೆ ಹಾಡಿಸಿದೆ. ಒಡೆಯಿತು. ಸೊಸೆಯ ಉಪ್ಪಿನಕಾಯಿಯಲ್ಲಿ ಖಾರ ಜಾಸ್ತಿ ಎಂದರು. ಮೂರನೆಯ ಸಲವೂ ಒಡೆಯಿತು. ಹೆಡ್‌ಫೋನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಸ್ಟುಡಿಯೋದ ಗೋಡೆಯ ಮೇಲೆ ತೂಗುಹಾಕಿದ್ದ ಯಾರೋ ಮದುಮಕ್ಕಳ ಫೋಟೋ ನೋಡುತ್ತ ಕೂತರು. ಊಟ ಮಾಡಿ ಬರೋಣ ನಡೀರಿ ಎಂದು ಎಬ್ಬಿಸಿಕೊಂಡು ಹೋದೆ. ಆಗ ನನಗೆ ಅವರ ಮುಖ ನೋಡುವ ಧೈರ್ಯವೂ ಇರಲಿಲ್ಲ.

ಅಪ್ಪನಿಗೆ ರೊಟ್ಟಿ ಬಡಿಸಿಟ್ಟು ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದಳು. ಆಗಲೇ ತಾಂಡೂರಿಗೆ ಫೋನು ಹಚ್ಚಿ ಎಲ್ಲ ಹೇಳಿಯಾಗಿತ್ತು. ಫೋನನ್ನು ನನ್ನ ಕಿವಿಗೆ ಒತ್ತಿದಳು. ಮಾವನವರು ಎರಡು ತಿಂಗಳಿಂದ ಇದೊಂದೇ ಮಾತು ಯೋಚಿಸುತ್ತಿದ್ದವರ ಹಾಗೆ ಹೇಳಿದರು.

"ಅಳಿಯಂದ್ರ, ಬಿಳಿ ಎರಡಕ್ಕ ಇಳಸ್ರಿ. ಕೇಳಿದ್ರ ಎರಡು ಅನ್ರಿ, ಅಷ್ಟೇ. ಕರೀದೋ ಬಿಳೀದೋ ನೀವಾಗಿ ಹೇಳಬ್ಯಾಡ್ರಿ. ನಾ ಹೇಳಿ ಕೆಟ್ಟೀನಿ."

ಬಾಯಿ ಮುಚ್ಚಿಕೊಂಡಿರುವ ವಿದ್ಯೆಯನ್ನು ಮಾವನವರು ಅರವತ್ತನೆಯ ವಯಸ್ಸಿನಲ್ಲಿ ಕಲಿತು, ಕಲಿತ ಕೂಡಲೇ ನನಗೆ ದಾಟಿಸಿದ್ದರು.

ಅಪ್ಪ ಮಜ್ಜಿಗೆ ಕುಡಿಯುವಷ್ಟರಲ್ಲಿ ನಾನು ಸ್ಟುಡಿಯೋಗೆ ಓಡಿದೆ. ಇಡೀ ಟ್ರ್ಯಾಕನ್ನು ಕಂಪ್ಯೂಟರಿನಲ್ಲಿ ಅರ್ಧ ಸ್ವರ ಇಳಿಸಿದೆ. ಅದರ ಜೊತೆ ಮೆರವಣಿಗೆಯ ಘೋಷಣೆಯೂ ಅರ್ಧ ಸ್ವರ ಇಳಿದು ಸ್ವಲ್ಪ ಹಿರಿಯರು ಕೂಗಿದ ಹಾಗಾಯಿತು. ಕೇಪೋವನ್ನು ಮೂರನೆಯ ಮನೆಯಿಂದ ಎರಡನೆಯದಕ್ಕೆ ಸರಿಸಿ ಕಳ್ಳನ ಹಾಗೆ ಕೂತೆ. ಅಪ್ಪ ಸೊಸೆಯ ಜೊತೆ ಬಂದು ಕೂತರು. ಒಂದು ಕ್ಷಣ ಗಿಟಾರಿನ ಕಡೆ ನೋಡಿದರು, ನಾನು ತಂತಿ ಸರಿಮಾಡುವ ನೆವದಲ್ಲಿ ಬಗ್ಗಿದೆ. ಆಮೇಲೆ ಹೆಡ್‌ಫೋನು ಹಾಕಿಕೊಂಡರು. ಹುಬ್ಬು ಹಾರಿಸಿದೆ. ಮೂರನೆಯ ನುಡಿಯಲ್ಲಿ ದನಿ ಮೇಲೆ ಹೋಯಿತು, ನಿಂತಿತು, ತಾನಾಗಿಯೇ ಇಳಿದು ಬಂತು. ಹೆಂಡತಿ ಬಾಗಿಲಲ್ಲಿ ನಿಂತಿದ್ದವಳು ತಿರುಗಿ ಕಣ್ಣು ಒರೆಸಿಕೊಂಡಳು.

"ಎರಡೇ ಅಲಾ?" ಎಂದರು ಅಪ್ಪ.

"ಎರಡೇರಿ," ಎಂದೆ.

ಊಟದ ಮೊದಲು ಗಂಟಲು ಒಣಗಿತ್ತು, ಮಜ್ಜಿಗೆಯಿಂದ ಸರಿಯಾಯಿತು ಎಂದರು ಅಪ್ಪ. ಮಜ್ಜಿಗೆಯಿಂದ ಬಹಳ ಜನರಿಗೆ ಸರಿಯಾಗಿದೆ ಎಂದು ಸೊಸೆ ಗಂಭೀರವಾಗಿ ಹೇಳಿದಳು.

ಅಪ್ಪ ಮೊದಲೇ ಜೀಪು ಹಿಡಿದು ಊರಿಗೆ ಹೋದರು. ಟೆಂಟಿನ ದಿನ ನಾನು, ಹೆಂಡತಿ, ನಮ್ಮಿಬ್ಬರ ನಡುವೆ ಗಿಟಾರು, ಬೈಕಿನ ಮೇಲೆ ನಾರಾಯಣಖೇಡಕ್ಕೆ ಹೋದೆವು. ಎರಡು ಕಡೆ ರಸ್ತೆ ತಡೆದವರು ನಿಲ್ಲಿಸಿದರು. ಗಿಟಾರು ಕಂಡು ಚಳವಳಿಯ ಕಲಾವಿದನೆಂದು ತಿಳಿದು ದಾರಿ ಬಿಟ್ಟರು, ಒಂದು ಕಡೆ ಚಹಾವನ್ನೂ ಕೊಟ್ಟರು. ನಾನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಆ ವಾರ ನನಗೆ ಅದು ರೂಢಿಯಾಗಿತ್ತು.

ಟೆಂಟಿನಲ್ಲಿ ಜನರೇಟರು ಇತ್ತು, ಮೈಕ್‌ಸೆಟ್ಟು ಇತ್ತು. ಶ್ರಾವಣದಲ್ಲಿ ನಕ್ಕವರೆಲ್ಲ ಅಪ್ಪ ಹೇಳಿದ ಹಾಗೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಅಪ್ಪ ಇಸ್ತ್ರಿ ಮಾಡಿದ ಜುಬ್ಬಾ, ವಿಭೂತಿ, ಕೊರಳಲ್ಲಿ ಟೆಂಟಿನವರು ಹಾಕಿದ ಚಳವಳಿಯ ಗುಲಾಬಿ ಬಣ್ಣದ ಶಲ್ಯ. ಪೇಟಿಯ ಜಾಗದಲ್ಲಿ ನಾನು ಡಬ್ಬಿ ಹಿಡಿದು ಕೂತದ್ದನ್ನು ಕಂಡು ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀಗರೆಲ್ಲಿ ಎಂದು ಯಾರೋ ಕೇಳಿದರು. ಅಪ್ಪ ಮೈಕು ತಟ್ಟಿ ನೋಡಿದರು. ಹೆಂಡತಿ ಟೆಂಟಿನ ಕಂಬಕ್ಕೆ ಒರಗಿ ನಿಂತು ಮೊಬೈಲನ್ನು ಎತ್ತಿ ಹಿಡಿದಿದ್ದಳು. ಫೋಟೋ ಹಿಡಿಯುತ್ತಿದ್ದಾಳೆ ಎಂದುಕೊಂಡೆ.

ಟ್ರ್ಯಾಕು ಹಚ್ಚಿದೆ. ಹುಬ್ಬು ಹಾರಿಸಿದೆ. ಅಪ್ಪ ಎತ್ತಿದರು. ಎರಡು ನುಡಿ ಮುಗಿದು ಮೂರನೆಯದಕ್ಕೆ ಹೋಗುವ ಸಂದಿಯಲ್ಲಿ ಅಂದಿನ ಗಡಿಬಿಡಿಯಲ್ಲಿ ನಾನು ಮರೆತೇಬಿಟ್ಟಿದ್ದ ಸಂಗತಿ ಎದ್ದುಬಂತು. ಸ್ಪೀಕರಿನೊಳಗಿಂದ ದಪ್ಪ ದನಿಯಲ್ಲಿ "ಜೈ ತೆಲಂಗಾಣ". ಟೆಂಟಿನಲ್ಲಿ ಕೂತವರು ಬಿಡುತ್ತಾರೆಯೇ? ಎಲ್ಲರೂ ಒಟ್ಟಿಗೆ ಕೈ ಎತ್ತಿ ಜೈ ಎಂದರು, ರಸ್ತೆಯಲ್ಲಿ ನಿಂತವರೂ ಅಂದರು. ನಾನು ಗಾಬರಿಯಾಗಿ ಒಂದು ತಂತಿ ತಪ್ಪಿಸಿದೆ. ಅಪ್ಪ ಮಾತ್ರ ಆ ಗದ್ದಲದಲ್ಲಿ ಒಮ್ಮೆ ಹೊಟ್ಟೆ ತುಂಬ ಉಸಿರು ತೆಗೆದುಕೊಂಡರು, ಮತ್ತು ಸರಿಯಾದ ಮಾತ್ರೆಗೆ ಮೂರನೆಯ ನುಡಿ ಹಿಡಿದರು. ದನಿ ಮೇಲಕ್ಕೆ ಹೋಯಿತು. ನಿಂತಿತು. ನಾನು ಎಣಿಸಿದೆ, ಅವರು ಯಾವಾಗಲೂ ನಿಲ್ಲುವುದಕ್ಕಿಂತ ಎರಡು ಮಾತ್ರೆ ಹೆಚ್ಚೇ ನಿಂತಿತು. ಇಳಿದು ಬಂದಾಗ ಮುಂದಿನ ಸಾಲಿನವರು ಶಹಭಾಸ್ ಎಂದು ತೊಡೆ ತಟ್ಟಿಕೊಂಡರು. ನನಗೆ ಅಳು ಬಂತು, ಗಿಟಾರಿನ ಕಡೆ ಬಗ್ಗಿ ಮುಖ ಮುಚ್ಚಿಕೊಂಡೆ.

ಇನ್ನೊಂದು ಆಗಲಿ ಎಂದು ಕೂಗಿದರು. ದನಿ ಹಂಗೇ ಅದ, ಕರಿ ಎರಡು ಬಿಟ್ಟಿಲ್ಲ ನೋಡು ಎಂದು ಮುಂದಿನ ಸಾಲಿನ ಒಬ್ಬರು ಮಗ್ಗುಲಿನವರಿಗೆ ಹೇಳಿದ್ದು ನಮಗೂ ಕೇಳಿಸಿತು. ಗೆದ್ದೆವು ಎಂದುಕೊಂಡೆ. ಆ ಮಾತಿಗೆ ಅಪ್ಪ ತಲೆಯಾಡಿಸಿದ್ದರೆ ಸಾಕಿತ್ತು, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪ ತಲೆಯಾಡಿಸಲಿಲ್ಲ. ಮೈಕು ಬಾಯಿಯ ಮುಂದೆಯೇ ಇತ್ತು, ಅದನ್ನು ಸರಿಸಲೂ ಇಲ್ಲ. ನನ್ನ ಕಡೆ ತಿರುಗಿ, ಇಡೀ ಬಜಾರಿಗೆ ಕೇಳುವ ಹಾಗೆ ಹೇಳಿದರು.

"ಚಿಮಟಾ ಅಲ್ಲೇ ಇರ್ಲಿ. ಇದೂ ಬಿಳಿ ಎರಡಕ್ಕೇ ಹಾಡ್ತೀನಿ."

ನಾನು ಅಂಗೈಯಿಂದ ಕೇಪೋ ಮುಚ್ಚಲು ಹೋದೆ.

"ಊಟಕ್ಕ ಹೋಗೋ ಮುಂದ ಮೂರನೇ ಮನ್ಯಾಗಿತ್ತು, ಬರೋದ್ರಾಗ ಎರಡನೇದಕ್ಕ ಬಂದಿತ್ತು. ಮೂವತ್ತ ವರ್ಷ ತಕ್ಕಡಿ ಮುಳ್ಳು ನೋಡಿದ ಕಣ್ಣು ಇವು."

ಮುಂದಿನ ಸಾಲಿನಲ್ಲಿ ಯಾರೂ ನಗಲಿಲ್ಲ. ಅಪ್ಪನ ಕಣ್ಣು ಈಗ ಟೆಂಟಿನ ಕಂಬದ ಕಡೆ ಹೋಯಿತು. ಸೊಸೆ ಎತ್ತಿ ಹಿಡಿದ ಮೊಬೈಲು ಫೋಟೋ ಹಿಡಿಯುತ್ತಿಲ್ಲ ಎಂದು ನನಗಿಂತ ಮೊದಲು ಅವರಿಗೆ ತಿಳಿದಿತ್ತು. ಸೊಸೆಗೆ ಹತ್ತಿರ ಬಾ ಎಂದು ಕೈ ಮಾಡಿದರು. ಅವಳು ಹೆದರುತ್ತಲೇ ಬಂದಳು. ಅಪ್ಪ ಮೈಕಿನಲ್ಲಿಯೇ, ಶ್ರಾವಣದಲ್ಲಿ ಕೇಳಿದ ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಟ್ಟರು.

"ಬೀಗರ, ಕೇಳ್ತದೇನ್ರಿ? ನಿಮ್ಮ ಪೇಟಿ ಇಳದಿಲ್ಲ. ನನ್ನ ದನೀನೇ ಇಳದದ."

ಹೇಗೆ ಹೇಳಿದರು ಎಂದರೆ, ಯಾರ್ಡಿನಲ್ಲಿ ತೂಕ ಕೂಗಿದಷ್ಟು ನೇರವಾಗಿ. ಹೆಂಡತಿ ಫೋನಿನ ಸ್ಪೀಕರು ಹಾಕಿ ಮೈಕಿನ ಹತ್ತಿರ ಹಿಡಿದಳು. ತಾಂಡೂರಿನಿಂದ ಪೇಟಿಯ ತಿದಿ ಎಳೆದ ಸದ್ದು ಕೇಳಿಸಿತು, ಅದರ ಹಿಂದೆಯೇ ಒಂದೇ ಒಂದು ಸ್ವರ, ಅಷ್ಟು ದೂರದಿಂದ ಸಣ್ಣಗೆ. ಬಿಳಿ ಎರಡು.

ಅಪ್ಪ ಕಣ್ಣು ಮುಚ್ಚಿ ಅದನ್ನು ಕೊನೆಯ ತನಕ ಕೇಳಿದರು. ಹೆಗಲ ಮೇಲಿನ ಶಲ್ಯದಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು.

"ಬೀಗರ, ನಿಮ್ಮ ಪೇಟಿ ಜರಾ ಏರ್ಯಾದ. ಬಸ್ ಶುರುವಾದ ಕೂಡ್ಲೇ ತಗೊಂಡ್ ಬರ್ರಿ, ನೋಡೋಣು."